ಫೋನ್ ಕ್ಯಾಮೆರಾದ ಆ ಒಂಬತ್ತು ಚೌಕ ಎಲ್ಲಿಂದ ಬಂತು? ಲ್ಯಾಂಡ್‌ಸ್ಕೇಪ್ ಕಲಿತವರ ಕಥೆ



ಕೇಳ್ತಾ ಇರೋರು ಒಂದು ಸಣ್ಣ ಕೆಲಸ ಮಾಡಿ. ಗಾಡಿ ಓಡಿಸ್ತಾ ಇದ್ರೆ ಬೇಡ, ಮನೆ ತಲುಪಿದ ಮೇಲೆ ಮಾಡಿ. ಫೋನಿನ ಕ್ಯಾಮೆರಾ ಸೆಟ್ಟಿಂಗ್ಸ್‌ಗೆ ಹೋಗಿ, ಗ್ರಿಡ್ ಅಂತ ಇರುತ್ತೆ, ಅದನ್ನು ಆನ್ ಮಾಡಿ. ಪರದೆ ಮೇಲೆ ಎರಡು ಅಡ್ಡಗೆರೆ, ಎರಡು ಉದ್ದಗೆರೆ ಬರುತ್ತೆ. ಒಟ್ಟು ಒಂಬತ್ತು ಚೌಕ. ಆಕಾಶ-ನೆಲ ಸೇರೋ ಗೆರೆಯನ್ನ ಮಧ್ಯದಲ್ಲಿ ಇಡಬೇಡಿ, ಈ ಅಡ್ಡಗೆರೆಗಳಲ್ಲಿ ಒಂದರ ಮೇಲೆ ಇಡಿ ಅಂತ ಯಾರೋ ನಿಮಗೆ ಹೇಳಿರ್ತಾರೆ. ಯೂಟ್ಯೂಬ್‌ನಲ್ಲಿ ಹೇಳಿರ್ತಾರೆ, ಚಿತ್ರಕಲೆ ಕ್ಲಾಸಲ್ಲಿ ಹೇಳಿರ್ತಾರೆ. ಇದಕ್ಕೆ 'ರೂಲ್ ಆಫ್ ಥರ್ಡ್ಸ್' ಅಂತ ಹೆಸರು. ಮೂರನೇ ಒಂದು ಭಾಗದ ನಿಯಮ.

ಈ ನಿಯಮ ಎಷ್ಟು ಹಳೇದು? ಗ್ರೀಕರ ಕಾಲದ್ದಾ? ಅಲ್ಲ. ಈ ಹೆಸರು ಹುಟ್ಟಿದ್ದು 1797ರಲ್ಲಿ, ಲಂಡನ್ನಿನಲ್ಲಿ. ಇಟ್ಟವರು ಒಬ್ಬ ಡ್ರಾಯಿಂಗ್ ಮೇಷ್ಟ್ರು. ಅದೇ ಮೇಷ್ಟ್ರ ಹತ್ತಿರ ಇಪ್ಪತ್ತು ವರ್ಷದ ಒಬ್ಬ ಹುಡುಗ ಸಲಹೆ ಕೇಳ್ಕೊಂಡು ಬಂದಿದ್ದ. ಹಿಟ್ಟಿನ ಗಿರಣಿ ಮಾಲೀಕರ ಮಗ. ಆ ಹುಡುಗ ಹೇಗೆ ಕಲಿತ, ಎಷ್ಟು ವರ್ಷ ತಗೊಂಡ ಅನ್ನೋದೇ ಇವತ್ತಿನ ಕಥೆ. ಪೆನ್ಸಿಲ್ ಹಿಡಿದು, "ನಮ್ಮೂರಲ್ಲಿ ಬರೆಯೋಕೆ ಏನಿದೆ ಸ್ವಾಮಿ" ಅಂತ ಕೈ ಚೆಲ್ಲಿ ಕೂತಿರೋರಿಗೆ ಈ ಕಥೆ ಬೇಕಾಗುತ್ತೆ.

ಮೊದಲು ಒಂದು ಪಾಕ

ಆ ಹುಡುಗನ ಹತ್ತಿರ ಹೋಗೋ ಮುಂಚೆ, ಅವನ ಕಾಲದಲ್ಲಿ 'ಒಳ್ಳೆ ಲ್ಯಾಂಡ್‌ಸ್ಕೇಪ್' ಅಂದ್ರೆ ಏನು ಅಂತ ತಿಳ್ಕೊಬೇಕು. ಅದನ್ನ ತೀರ್ಮಾನ ಮಾಡಿದ್ದು ನೂರು ವರ್ಷಕ್ಕೂ ಹಿಂದೆ ರೋಮ್‌ನಲ್ಲಿದ್ದ ಕ್ಲೋದ್ ಲೊರೇನ್ ಅನ್ನೋ ಕಲಾವಿದ. ಫ್ರಾನ್ಸ್ ಕಡೆಯ ಲೊರೇನ್ ಪ್ರಾಂತ್ಯದವನು, ಜೀವನವೆಲ್ಲ ಕಳೆದಿದ್ದು ಇಟಲಿಯಲ್ಲಿ, ತೀರಿಕೊಂಡಿದ್ದು 1682ರಲ್ಲಿ. ಹುಡುಗನಾಗಿದ್ದಾಗ ಪೇಸ್ಟ್ರಿ ಮಾಡೋ ಕೆಲಸ ಕಲಿತಿದ್ದ ಅಂತ ಹೇಳ್ತಾರೆ.

ಇವನ ಚಿತ್ರಗಳಲ್ಲಿ ಒಂದು ಪಾಕ ಇದೆ. ಮುಂಭಾಗದ ನೆಲ ಕತ್ತಲು. ಒಂದು ಪಕ್ಕದಲ್ಲಿ ದೊಡ್ಡ ಮರ, ನಾಟಕದ ರಂಗದ ಪಕ್ಕದ ಪರದೆ ಇದ್ದ ಹಾಗೆ. ಮಧ್ಯದಲ್ಲಿ ನೀರು, ಒಂದು ಸೇತುವೆ. ದೂರದಲ್ಲಿ ಬೆಟ್ಟ, ಅದರ ಮೇಲೆ ಹೊನ್ನಿನ ಬೆಳಕು. ಇದು ಬರೀ ಅಲಂಕಾರ ಅಲ್ಲ, ಇದರ ಹಿಂದೆ ಒಂದು ಲೆಕ್ಕ ಇದೆ. ನಮ್ಮ ಕಣ್ಣು ಕತ್ತಲಿಂದ ಬೆಳಕಿಗೆ ಹೋಗುತ್ತೆ. ಮರ ಕಣ್ಣನ್ನ ಚಿತ್ರದಿಂದ ಹೊರಗೆ ಜಾರದ ಹಾಗೆ ತಡೆಯುತ್ತೆ. ಸೇತುವೆ ಕಣ್ಣನ್ನ ಆಚೆ ದಡಕ್ಕೆ ದಾಟಿಸುತ್ತೆ. ಚಪ್ಪಟೆ ಬಟ್ಟೆ ಮೇಲೆ ಹತ್ತಾರು ಮೈಲಿ ದೂರ ತೋರಿಸೋ ಉಪಾಯ ಇದು. ಕಾಂಪೊಸಿಷನ್ ಅಂದ್ರೆ ಮೂಲದಲ್ಲಿ ಇಷ್ಟೇ: ನೋಡುವವರ ಕಣ್ಣು ಎಲ್ಲಿಂದ ಒಳಗೆ ಬರಬೇಕು, ಎಲ್ಲಿ ನಿಲ್ಲಬೇಕು ಅಂತ ತೀರ್ಮಾನ ಮಾಡೋದು.

ಇಂಗ್ಲಿಷ್ ಶ್ರೀಮಂತರಿಗೆ ಕ್ಲೋದ್ ಅಂದ್ರೆ ಹುಚ್ಚು. ಇಟಲಿಗೆ ಹೋದೋರು ಅವನ ಚಿತ್ರ ಕೊಂಡು ತರ್ತಿದ್ರು. ಕಲಿಯೋ ಹುಡುಗರು ಅವನ ಅಚ್ಚುಚಿತ್ರಗಳನ್ನ ನಕಲು ಮಾಡ್ತಿದ್ರು. ಹುಚ್ಚು ಎಲ್ಲಿಗೆ ಹೋಯ್ತು ಅಂದ್ರೆ, 'ಕ್ಲೋದ್ ಗ್ಲಾಸ್' ಅಂತಲೇ ಒಂದು ವಸ್ತು ಮಾರುಕಟ್ಟೆಗೆ ಬಂತು. ಅಂಗೈಯಲ್ಲಿ ಹಿಡಿಯೋ ಅಷ್ಟು ಚಿಕ್ಕ, ಸ್ವಲ್ಪ ಉಬ್ಬಿದ, ಕಪ್ಪು ಛಾಯೆಯ ಕನ್ನಡಿ. ನೀವು ದೃಶ್ಯಕ್ಕೆ ಬೆನ್ನು ಹಾಕಿ ನಿಂತು, ಕನ್ನಡಿಯಲ್ಲಿ ಆ ದೃಶ್ಯ ನೋಡಬೇಕು. ಬಣ್ಣಗಳು ಮಾಗಿ, ಅಂಚುಗಳು ಕತ್ತಲಾಗಿ, ಎಲ್ಲಾ ಕ್ಲೋದ್ ಚಿತ್ರದ ಹಾಗೆ ಕಾಣುತ್ತೆ. ಇವತ್ತಿನ ಫಿಲ್ಟರ್ ತರಾನೇ. 1769ರಲ್ಲಿ ಥಾಮಸ್ ಗ್ರೇ ಅನ್ನೋ ಕವಿ ಇಂಗ್ಲೆಂಡಿನ ಸರೋವರಗಳ ಸೀಮೆಯಲ್ಲಿ ಈ ಕನ್ನಡಿ ಹಿಡ್ಕೊಂಡು ಓಡಾಡ್ತಾ, ಕೆಸರು ದಾರಿಯಲ್ಲಿ ಅಂಗಾತ ಬಿದ್ದ. ಕೈ ಗೆಣ್ಣು ತರಚಿ ಹೋಯ್ತು, ಕನ್ನಡಿಗೆ ಏನೂ ಆಗ್ಲಿಲ್ಲ. ಸೆಲ್ಫಿ ತಗೊಳ್ಳೋಕೆ ಹೋಗಿ ಬೀಳೋರ ಪೂರ್ವಜ ಇವನೇ ಇರಬೇಕು!

ಮೂರು ಹಸು, ಒಂದು ಮಸಿ ಕಲೆ

ಈಗ ಮೇಷ್ಟ್ರುಗಳ ಕಾಲಕ್ಕೆ ಬರೋಣ. 18ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಮಧ್ಯಮ ವರ್ಗಕ್ಕೆ ಚಿತ್ರ ಬರೆಯೋ ಗೀಳು ಹಿಡೀತು. ಗೀಳು ಇದ್ದ ಕಡೆ ಕೋಚಿಂಗ್ ಇರಲೇಬೇಕಲ್ಲ. ಕಲಿಸೋ ಪುಸ್ತಕಗಳು ಸಾಲು ಸಾಲಾಗಿ ಬಂದವು.

ವಿಲಿಯಂ ಗಿಲ್ಪಿನ್ ಅಂತ ಒಬ್ಬ ಪಾದ್ರಿ, ಶಾಲೆ ಮೇಷ್ಟ್ರು. 1782ರಲ್ಲಿ ವೈ ನದಿ ಪ್ರವಾಸದ ಬಗ್ಗೆ ಪುಸ್ತಕ ತಂದ. 'ಪಿಕ್ಚರೆಸ್ಕ್' ಅನ್ನೋ ಮಾತನ್ನ ಮನೆಮಾತು ಮಾಡಿದವನು ಇವನೇ. ಚಿತ್ರಕ್ಕೆ ಒಪ್ಪುವಂಥ ದೃಶ್ಯ ಅಂತ ಅರ್ಥ. ಅವನ ಪಾಠದಲ್ಲಿ ಎರಡು ಹಸು ಬರೆದ್ರೆ ಗುಂಪು ಕೂಡೋದಿಲ್ಲ, ಮೂರು ಬರೆದ್ರೆ ಕೂಡುತ್ತೆ. ನಕ್ಕುಬಿಡಬೇಡಿ, ಅದರಲ್ಲಿ ನಿಜ ಇದೆ. ಎರಡು ಇದ್ದಾಗ ಕಣ್ಣು ತಕ್ಕಡಿ ಹಾಗೆ ಆಚೆ ಈಚೆ ತೂಗುತ್ತೆ. ಮೂರು ಇದ್ದಾಗ ಒಂದು ಆಕಾರ ಹುಟ್ಟುತ್ತೆ. ಆದ್ರೆ ಅದೇ ಗಿಲ್ಪಿನ್, ಟಿಂಟರ್ನ್ ಅನ್ನೋ ಪಾಳುಬಿದ್ದ ಮಠದ ಗೋಡೆಗಳು ತೀರಾ ನೆಟ್ಟಗಿವೆ, ಯಾರಾದರೂ ಸುತ್ತಿಗೆ ತಗೊಂಡು ಸ್ವಲ್ಪ ಒಡೆದ್ರೆ ಚೆನ್ನಾಗಿ ಕಾಣುತ್ತೆ ಅಂತಲೂ ಬರೆದ. ನಿಯಮಕ್ಕೆ ಜಗತ್ತು ಹೊಂದದಿದ್ರೆ ಜಗತ್ತನ್ನೇ ಒಡಿ ಅನ್ನೋ ಹಂತ ಅದು.

ಇನ್ನೊಬ್ಬರು ಅಲೆಕ್ಸಾಂಡರ್ ಕೋಜೆನ್ಸ್. ಈಟನ್ ಶಾಲೆಯಲ್ಲಿ ಡ್ರಾಯಿಂಗ್ ಕಲಿಸ್ತಿದ್ರು. ಹುಡುಗರು ನಕಲು ಮಾಡೋದ್ರಲ್ಲಿ ಹುಷಾರು, ಸ್ವಂತ ಚಿತ್ರ ಕಟ್ಟೋಕೆ ಹೇಳಿದ್ರೆ ಬಿಳಿ ಹಾಳೆ ನೋಡಿ ಹೆದರ್ತಾರೆ. ಅದಕ್ಕೆ ಇವರು ಕಂಡುಕೊಂಡ ಔಷಧಿ ಮಸಿ ಕಲೆ. ಮನಸ್ಸಲ್ಲಿ ಒಂದು ಸ್ಥೂಲ ಕಲ್ಪನೆ ಇಟ್ಕೊಂಡು, ದೊಡ್ಡ ಬ್ರಷ್‌ನಲ್ಲಿ ಬೇಗ ಬೇಗ ಕಪ್ಪು ಕಲೆಗಳನ್ನ ಹಾಕು. ಮರ ಬರೀಬೇಡ, ಬಂಡೆ ಬರೀಬೇಡ, ಬರೀ ಕಪ್ಪು-ಬಿಳಿ ಮೊತ್ತಗಳನ್ನ ಹಾಕು. ಆಮೇಲೆ ಅದರ ಮೇಲೆ ತೆಳು ಕಾಗದ ಇಟ್ಟು, ಯಾವುದು ಬೆಟ್ಟ, ಯಾವುದು ಮರ ಅಂತ ಹುಡುಕಿ ಬಿಡಿಸು. 1785ರ ಸುಮಾರಿಗೆ ಈ ಪದ್ಧತಿ ಪುಸ್ತಕವಾಗಿ ಬಂತು. ಜನ ಗೇಲಿ ಮಾಡಿದ್ರು. ಆದ್ರೆ ಇವತ್ತಿಗೂ ಕಲಾಶಾಲೆಗಳಲ್ಲಿ ದೊಡ್ಡ ಚಿತ್ರಕ್ಕೆ ಮುಂಚೆ ಬೆಂಕಿಪೊಟ್ಟಣದಷ್ಟು ಚಿಕ್ಕದಾಗಿ ಕಪ್ಪು-ಬಿಳಿ ಸ್ಕೆಚ್ ಮಾಡಿಸ್ತಾರಲ್ಲ, ಅದೂ ಇದೇ ಬುದ್ಧಿಯ ಕೆಲಸ. ವಿವರ ಆಮೇಲೆ, ಮೊತ್ತ ಮೊದಲು.

ಈಟನ್‌ನಲ್ಲಿ ಕೋಜೆನ್ಸ್ ಹತ್ತಿರ ಕಲಿತವರಲ್ಲಿ ಜಾರ್ಜ್ ಬೋಮಾಂಟ್ ಅಂತ ಒಬ್ಬ ಶ್ರೀಮಂತರ ಹುಡುಗ ಇದ್ದ. ದೊಡ್ಡವನಾದ ಮೇಲೆ ಸರ್ ಜಾರ್ಜ್ ಬೋಮಾಂಟ್ ಆಗಿ, ಕ್ಲೋದ್‌ನ ಒಂದು ಚಿಕ್ಕ ಚಿತ್ರ ಕೊಂಡುಕೊಂಡ. ಅಷ್ಟು ಪ್ರೀತಿ ಅಂದ್ರೆ, ಊರಿಂದೂರಿಗೆ ಹೋಗುವಾಗ ಗಾಡಿಯಲ್ಲಿ ಅದನ್ನ ಜೊತೆಗೇ ತಗೊಂಡು ಹೋಗ್ತಿದ್ದ. ಆ ಚಿತ್ರವೇ ನಮ್ಮ ಕಥೆಯ ತಿರುವು.

ಗಿರಣಿ ಮಾಲೀಕರ ಮಗ

ಜಾನ್ ಕಾನ್‌ಸ್ಟೇಬಲ್ ಹುಟ್ಟಿದ್ದು 1776ರಲ್ಲಿ, ಇಂಗ್ಲೆಂಡಿನ ಸಫೋಕ್ ಸೀಮೆಯ ಈಸ್ಟ್ ಬರ್ಗ್‌ಹೋಲ್ಟ್ ಅನ್ನೋ ಹಳ್ಳಿಯಲ್ಲಿ. ಅಪ್ಪನಿಗೆ ಸ್ಟೌರ್ ನದಿ ದಂಡೆಯಲ್ಲಿ ನೀರಿನ ಗಿರಣಿಗಳಿದ್ದವು, ಧಾನ್ಯದ ವ್ಯಾಪಾರ ಇತ್ತು. ಮಗ ವ್ಯಾಪಾರ ನೋಡ್ಕೊಳ್ಳಲಿ ಅಂತ ಅಪ್ಪನ ಆಸೆ. ಮಗನಿಗೆ ಚಿತ್ರದ ಹುಚ್ಚು. ಊರಲ್ಲಿ ಅವನಿಗೆ ಜೊತೆ ಇದ್ದದ್ದು ಜಾನ್ ಡನ್‌ಥೋರ್ನ್, ಕೊಳಾಯಿ ಮತ್ತು ಕಿಟಕಿ ಗಾಜಿನ ಕೆಲಸ ಮಾಡೋರು. ಇಬ್ಬರೂ ಹೊಲಕ್ಕೆ ಹೋಗಿ ಬರೆಯೋರು. ನೆರಳು ಜರುಗಿದ ತಕ್ಷಣ ಸಾಮಾನು ಕಟ್ಟಿಟ್ಟು, ಮಾರನೇ ದಿನ ಅದೇ ಹೊತ್ತಿಗೆ ಬರೋರು ಅಂತ ಒಂದು ಕಥೆ ಇದೆ.

1795ರಲ್ಲಿ ಹತ್ತಿರದ ಡೆಡಂ ಊರಿಗೆ ಬಂದಿದ್ದ ಬೋಮಾಂಟ್, ಈ ಹುಡುಗನಿಗೆ ತನ್ನ ಕ್ಲೋದ್ ಚಿತ್ರ ತೋರಿಸಿದ. ಬೈಬಲ್ಲಿನ ಹಾಗರ್ ಅನ್ನೋ ಹೆಂಗಸಿಗೆ ದೇವದೂತ ದಾರಿ ತೋರಿಸೋ ಚಿತ್ರ, 1646ರದ್ದು. ಗಾತ್ರ ದೊಡ್ಡದೇನಲ್ಲ, ಎತ್ತರ ಸುಮಾರು 52 ಸೆಂಟಿಮೀಟರ್, ಅಗಲ 42. ಪಕ್ಕದಲ್ಲಿ ಮರ, ಮಧ್ಯೆ ನದಿ, ಸೇತುವೆ, ದೂರದಲ್ಲಿ ಬೆಳಕು. ಅದೇ ಪಾಕ. ಹುಡುಗ ಕಣ್ಣು ಕೀಳದೆ ನೋಡಿದ.

ಮಾರನೇ ವರ್ಷ ಲಂಡನ್ ಹತ್ತಿರ ನೆಂಟರ ಮನೆಗೆ ಹೋದಾಗ ಜಾನ್ ಥಾಮಸ್ ಸ್ಮಿತ್ ಪರಿಚಯ ಆದ್ರು. ಶುರುವಲ್ಲಿ ಹೇಳಿದ್ನಲ್ಲ, ಆ ಡ್ರಾಯಿಂಗ್ ಮೇಷ್ಟ್ರು ಇವರೇ. ಸ್ಮಿತ್ ಆಗ ಹಳ್ಳಿಯ ಮುರುಕಲು ಗುಡಿಸಲುಗಳ ಚಿತ್ರ ಸೇರಿಸ್ತಿದ್ರು. ಕಾನ್‌ಸ್ಟೇಬಲ್ ತನ್ನೂರಿನ ಗುಡಿಸಲುಗಳನ್ನ ಬರೆದು ಅವರಿಗೆ ಕಳಿಸ್ತಿದ್ದ. 1797ರಲ್ಲಿ ಬಂದ ಸ್ಮಿತ್ ಅವರ ಪುಸ್ತಕದಲ್ಲೇ 'ರೂಲ್ ಆಫ್ ಥರ್ಡ್ಸ್' ಅನ್ನೋ ಮಾತು ಇರೋದು.

ಆ ಮಾತನ್ನ ಅವರು ಹೇಗೆ ಹೇಳಿದ್ರು ಅನ್ನೋದು ಮುಖ್ಯ. ಚಿತ್ರದಲ್ಲಿ ಎರಡು ಸಮ ಬೆಳಕು ಇರಬಾರದು ಅಂತ ಜೋಶುವಾ ರೆನಾಲ್ಡ್ಸ್ ಅನ್ನೋ ದೊಡ್ಡ ಕಲಾವಿದರು ಹೇಳಿದ್ರು. ಸ್ಮಿತ್ ಅದನ್ನ ಬೆಳೆಸಿದ್ರು. ಆಕಾಶಕ್ಕೆ ಮೂರನೇ ಎರಡು ಭಾಗ ಕೊಟ್ರೆ ಉಳಿದದ್ದಕ್ಕೆ ಒಂದು ಭಾಗ ಕೊಡಿ. ಅರ್ಧಕ್ಕರ್ಧ ಬೇಡ, ಎರಡಕ್ಕೆ ಒಂದು ಇಡಿ. ಇದಕ್ಕೆ ಹೀಗೊಂದು ಹೆಸರಿಡ್ತೀನಿ, ನಿಮ್ಮ ಅಪ್ಪಣೆ ಇದ್ರೆ ಅನ್ನೋ ಧಾಟಿ ಅವರದು. ಒಂಬತ್ತು ಚೌಕ ಅವರು ಹಾಕಲೇ ಇಲ್ಲ. ಗೆರೆ ಕೂಡೋ ನಾಲ್ಕು ಬಿಂದುಗಳಲ್ಲಿ ಮುಖ್ಯ ವಸ್ತು ಇಡಿ ಅನ್ನೋದೆಲ್ಲ ಆಮೇಲೆ ಸೇರಿಕೊಂಡದ್ದು. ಮೇಷ್ಟ್ರು ಸಂಕೋಚದಿಂದ ಕೊಟ್ಟ ಸಲಹೆ, 200 ವರ್ಷದಲ್ಲಿ ನಮ್ಮ ಜೇಬಿನ ಕಾನೂನಾಗಿ ಕೂತಿದೆ.

ಸ್ಮಿತ್ ಈ ಹುಡುಗನಿಗೆ ಕೊಟ್ಟ ಇನ್ನೊಂದು ಸಲಹೆ, ನನ್ನ ಪ್ರಕಾರ ಆ ನಿಯಮಕ್ಕಿಂತ ದೊಡ್ಡದು. ಜಾಗ ನೋಡಿ ಬರೆಯುವಾಗ ಮನುಷ್ಯರನ್ನ ಕಲ್ಪಿಸಿ ತುರುಕಬೇಡ. ಎಂಥಾ ನಿರ್ಜನ ಜಾಗ ಆದ್ರೂ ಒಂದು ಗಂಟೆ ಕೂತಿರು. ಯಾವುದೋ ಜೀವ ಬಂದೇ ಬರುತ್ತೆ, ಅದು ಆ ಜಾಗಕ್ಕೆ, ಆ ಹೊತ್ತಿಗೆ ನಿನ್ನ ಕಲ್ಪನೆಗಿಂತ ಚೆನ್ನಾಗಿ ಹೊಂದುತ್ತೆ. ಅಷ್ಟೇ ಪಾಠ.

ಸಾಲದ ಚೌಕಟ್ಟು, ಸ್ವಂತ ಊರು

1799ರಲ್ಲಿ ಕಾನ್‌ಸ್ಟೇಬಲ್ ಲಂಡನ್ನಿನ ರಾಯಲ್ ಅಕಾಡೆಮಿ ಶಾಲೆ ಸೇರಿದ. ಹಳೇ ಕಲಾವಿದರನ್ನ ನಕಲು ಮಾಡಿದ. 1802ರಲ್ಲಿ ಸೈನಿಕ ಕಾಲೇಜಿನಲ್ಲಿ ಡ್ರಾಯಿಂಗ್ ಮೇಷ್ಟ್ರ ಕೆಲಸ ಸಿಗೋದ್ರಲ್ಲಿತ್ತು. ಸಂಬಳ, ಭದ್ರತೆ ಎಲ್ಲಾ ಇತ್ತು. ಬೇಡ ಅಂದ. ಅದೇ ವರ್ಷ ಊರಿನ ಗೆಳೆಯ ಡನ್‌ಥೋರ್ನ್‌ಗೆ ಒಂದು ಪತ್ರ ಬರೆದ. ಎರಡು ವರ್ಷದಿಂದ ಬೇರೆಯವರ ಚಿತ್ರಗಳ ಹಿಂದೆ ಓಡ್ತಾ, ಸತ್ಯವನ್ನ ಇನ್ನೊಬ್ಬರ ಕೈಯಿಂದ ಪಡೆಯೋಕೆ ನೋಡ್ತಿದ್ದೆ, ಇನ್ನು ಊರಿಗೆ ಬಂದು ಜಾಗ ನೋಡಿ ಬರೀತೀನಿ ಅನ್ನೋದು ಅದರ ಸಾರ.

ಊರಿಗೆ ಬಂದ. ಡೆಡಂ ಕಣಿವೆ ಬರೆದ. ಆ ಚಿಕ್ಕ ಚಿತ್ರ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ನೋಡಿದ್ರೆ ಆಶ್ಚರ್ಯ ಆಗುತ್ತೆ. ಜಾಗ ಇವನದು, ಚೌಕಟ್ಟು ಕ್ಲೋದ್‌ನದು! ಉದ್ದುದ್ದ ಚಿತ್ರ, ಪಕ್ಕದಲ್ಲಿ ಮರಗಳು, ಮಧ್ಯೆ ಹರಿಯೋ ನದಿ, ದೂರದಲ್ಲಿ ಬೆಳಕು. ಹಾಗರ್ ಮತ್ತು ದೇವದೂತ ಮಾತ್ರ ಇಲ್ಲ. ಅವನು ನಿಯಮ ಎಸೆದು ಊರಿಗೆ ಬರಲಿಲ್ಲ. ನಿಯಮ ಹೊತ್ಕೊಂಡು ಬಂದು, ಅದು ತನ್ನೂರಿನ ಮಣ್ಣಲ್ಲಿ ನಿಲ್ಲುತ್ತಾ ಅಂತ ಪರೀಕ್ಷೆ ಮಾಡಿದ. ಹೊಸದಾಗಿ ಕಲಿಯೋರು ಇದನ್ನ ಗಮನಿಸಬೇಕು. ಚೌಕಟ್ಟು ಸಾಲ ತರೋದು ತಪ್ಪಲ್ಲ.

ಎಲ್ಲಾ ಸಾಲವನ್ನೂ ಒಪ್ಪಲಿಲ್ಲ ಅನ್ನೋದೂ ಗೊತ್ತಿರಲಿ. ಹಳೇ ಚಿತ್ರಗಳ ಕಂದು ಬಣ್ಣವೇ ಬೋಮಾಂಟ್‌ಗೆ ಇಷ್ಟ. ಒಮ್ಮೆ, ಹಳೇ ಪಿಟೀಲಿನ ಬಣ್ಣ ಇದ್ಯಲ್ಲ, ಚಿತ್ರದ ಛಾಯೆ ಹಾಗಿರಬೇಕು ಅಂದನಂತೆ. ಕಾನ್‌ಸ್ಟೇಬಲ್ ವಾದ ಮಾಡಲಿಲ್ಲ. ಒಂದು ಪಿಟೀಲು ತಂದು ಮನೆ ಮುಂದಿನ ಹಸಿರು ಹುಲ್ಲಿನ ಮೇಲೆ ಇಟ್ಟನಂತೆ. ಎರಡೂ ಬಣ್ಣ ಅಕ್ಕಪಕ್ಕ. ನೋಡಿ, ನೀವೇ ಹೇಳಿ.

ಆಮೇಲಿನ ವರ್ಷಗಳೆಲ್ಲ ತಿದ್ದೋದೇ ಕೆಲಸ. 1821ರ 'ದಿ ಹೇ ವೇನ್', ಅಂದ್ರೆ ಹುಲ್ಲಿನ ಗಾಡಿ, ಅವನ ಹೆಸರಾಂತ ಚಿತ್ರ. ಅಪ್ಪನ ಗಿರಣಿ ಪಕ್ಕದ ನೀರು, ಅದರಲ್ಲಿ ಇಳಿದಿರೋ ಒಂದು ಗಾಡಿ. ಸುಮಾರು 185 ಸೆಂಟಿಮೀಟರ್ ಅಗಲ. ಇಂಥ ದೊಡ್ಡ ಚಿತ್ರಕ್ಕೆ ಮುಂಚೆ ಅಷ್ಟೇ ಗಾತ್ರದ ಇನ್ನೊಂದು ಕ್ಯಾನ್ವಾಸ್ ಮೇಲೆ ಪೂರ್ತಿ ಕರಡು ಬರೀತಿದ್ದ. ಕರಡಿನಲ್ಲಿ ಮುಂದುಗಡೆ ನೀರಿನ ಅಂಚಲ್ಲಿ ಕುದುರೆ ಮೇಲೆ ಒಬ್ಬ ಸವಾರ ಇದ್ದ. ದೊಡ್ಡ ಚಿತ್ರದಲ್ಲಿ ಅವನನ್ನ ತೆಗೆದು ಒಂದು ಪೀಪಾಯಿ ಇಟ್ಟ. ಕೊನೆಗೆ ಪೀಪಾಯಿ ಮೇಲೂ ಬಣ್ಣ ಬಳಿದು ಮುಚ್ಚಿಬಿಟ್ಟ. ಗಾಡಿ ಕಡೆ ಹೋಗೋ ಕಣ್ಣನ್ನ ಯಾವುದೂ ತಡೀಬಾರದು. ಅಷ್ಟು ದೊಡ್ಡ ಕಲಾವಿದನಿಗೂ ಮೊದಲ ಸಲಕ್ಕೇ ಕಾಂಪೊಸಿಷನ್ ಸಿಗಲಿಲ್ಲ ಅನ್ನೋದು ನಮಗೆ ಸಮಾಧಾನದ ವಿಷಯ.

ಅದೇ ಸಮಯದಲ್ಲಿ ಹ್ಯಾಂಪ್‌ಸ್ಟೆಡ್ ಗುಡ್ಡದ ಮೇಲೆ ಬರೀ ಮೋಡಗಳನ್ನ ಬರೆದ. ಹಿಂದೆ ದಿನಾಂಕ, ಹೊತ್ತು, ಗಾಳಿ ಯಾವ ಕಡೆಯಿಂದ ಅಂತ ಗುರುತು ಹಾಕಿಟ್ಟ. ಕೋಜೆನ್ಸ್ ಮೇಷ್ಟ್ರ ಆಕಾಶದ ಚಿತ್ರಗಳನ್ನೂ ಕೂತು ನಕಲು ಮಾಡಿದ. ಹೊರಗೆ ನೋಡೋದು, ಹಳಬರನ್ನ ನಕಲು ಮಾಡೋದು, ಎರಡನ್ನೂ ಬಿಡಲಿಲ್ಲ.

1828ರಲ್ಲಿ ಮತ್ತೆ ಡೆಡಂ ಕಣಿವೆ ಬರೆದ. 26 ವರ್ಷದ ಮೇಲೆ, ಅದೇ ನೋಟ, ಅದೇ ಉದ್ದ ಚೌಕಟ್ಟು. ಬೋಮಾಂಟ್ ಹಿಂದಿನ ವರ್ಷ ತೀರಿಕೊಂಡಿದ್ದ. ಈ ಚಿತ್ರ ಒಂದೂವರೆ ಮೀಟರ್ ಹತ್ತಿರ ಎತ್ತರ ಇದೆ, ಈಗ ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ಯಾಲರಿಯಲ್ಲಿದೆ. ಮುಂದಿನ ಕತ್ತಲು ಮೂಲೆಯನ್ನ ನೋಡಿ. ಅಲ್ಲಿ ಒಬ್ಬ ಅಲೆಮಾರಿ ಹೆಂಗಸು ಬೆಂಕಿ ಹತ್ತಿರ ಕೂತಿದ್ದಾಳೆ, ಜೊತೆಗೆ ಮಗು. ಬೈಬಲ್ಲಿನ ಹಾಗರ್ ಕೂಡ ಮನೆಯಿಂದ ಹೊರಗಾದ ಹೆಂಗಸೇ. ಕ್ಲೋದ್‌ನ ಚಿತ್ರದಲ್ಲಿ ಪುರಾಣದ ಪಾತ್ರ ಇದ್ದ ಜಾಗಕ್ಕೆ, ಊರ ಹೊರಗೆ ಬಿಡಾರ ಹೂಡಿದ ಒಬ್ಬಳು ತಾಯಿ ಬಂದಿದ್ದಾಳೆ. ಮಾರನೇ ವರ್ಷ, 52ನೇ ವಯಸ್ಸಲ್ಲಿ, ಅಕಾಡೆಮಿ ಅವನನ್ನ ಪೂರ್ಣ ಸದಸ್ಯನಾಗಿ ಒಪ್ಪಿಕೊಳ್ತು.

ಅದೇ ಚೌಕಟ್ಟು ನಮ್ಮ ಬೆಟ್ಟಗಳಿಗೆ ಬಂದಾಗ

ಇದು ಇಂಗ್ಲೆಂಡಿನ ಕಥೆ ಆಯ್ತು, ನಮಗೇನು ಸಂಬಂಧ ಅಂತೀರಾ? ಇದೆ.

ಆ ಕಾಲದಲ್ಲಿ ಲ್ಯಾಂಡ್‌ಸ್ಕೇಪ್ ಡ್ರಾಯಿಂಗ್ ಬರೀ ಹವ್ಯಾಸ ಆಗಿರಲಿಲ್ಲ, ಸೇನೆಯ ಪಾಠವೂ ಆಗಿತ್ತು. ಕ್ಯಾಮೆರಾ ಇಲ್ಲದ ಕಾಲ. ಕೋಟೆ ಎಲ್ಲಿದೆ, ಬೆಟ್ಟ ಎಷ್ಟು ಕಡಿದು ಅಂತ ಬರೆದೇ ತೋರಿಸಬೇಕು. ಕಾನ್‌ಸ್ಟೇಬಲ್‌ಗೆ ಸೈನಿಕ ಕಾಲೇಜಿನಲ್ಲಿ ಕೆಲಸ ಸಿಗೋದ್ರಲ್ಲಿತ್ತಲ್ಲ, ಅದು ಇದಕ್ಕೇ. ಹಾಗೆ ಚಿತ್ರ ಬಲ್ಲವರು 1791-92ರಲ್ಲಿ ಟಿಪ್ಪು ಸುಲ್ತಾನನ ಮೇಲೆ ಬಂದ ಕಾರ್ನ್‌ವಾಲಿಸ್ ಸೇನೆಯ ಜೊತೆ ನಮ್ಮ ಸೀಮೆಗೆ ಬಂದ್ರು. ರಾಬರ್ಟ್ ಹೋಮ್ ವೃತ್ತಿ ಕಲಾವಿದ. ರಾಬರ್ಟ್ ಕೋಲ್‌ಬ್ರೂಕ್, ಅಲೆಕ್ಸಾಂಡರ್ ಅಲನ್ ಸೇನೆಯ ಅಧಿಕಾರಿಗಳು. ಅವರು ಬರೆದ ಬೆಂಗಳೂರು, ಸಾವನದುರ್ಗ ಮುಂತಾದ ಜಾಗಗಳ ಚಿತ್ರಗಳು 1790ರ ದಶಕದಲ್ಲೇ ಅಚ್ಚಾದವು. ಜೇಮ್ಸ್ ಹಂಟರ್ ಅನ್ನೋ ಫಿರಂಗಿ ದಳದ ಅಧಿಕಾರಿಯ ಮೈಸೂರು ಚಿತ್ರಗಳು 1805ರಲ್ಲಿ ಬಂದಾಗ, ಪುಸ್ತಕದ ಹೆಸರಲ್ಲೇ 'ಪಿಕ್ಚರೆಸ್ಕ್' ಇತ್ತು. ಗಿಲ್ಪಿನ್ ಪಾದ್ರಿಯ ಪದ!

ಇಲ್ಲಿ ಸ್ವಲ್ಪ ನಿಂತು ಯೋಚನೆ ಮಾಡಿ. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಬಿತ್ತು. ಡಿಸೆಂಬರ್‌ನಲ್ಲಿ ಸಾವನದುರ್ಗ ಬಿತ್ತು. ಜನ ಸತ್ತಿದ್ದರು, ಊರು ಬಿಟ್ಟು ಓಡಿದ್ದರು. ಲಂಡನ್ನಿನ ಮನೆಯೊಳಗೆ ಕೂತು ಆ ಪುಟ ತಿರುಗಿಸೋರಿಗೆ ಅದು ಚೆಂದದ ನೋಟ. ಸೈನಿಕನಿಗೆ ಅದು ಹತ್ತಬೇಕಾದ ಕೋಟೆ. ಮಾಗಡಿ ಕಡೆಯ ರೈತನಿಗೆ ಅದು ಬುಡದಲ್ಲಿ ವೀರಭದ್ರಸ್ವಾಮಿ, ನರಸಿಂಹಸ್ವಾಮಿ ಇರೋ ಬೆಟ್ಟ. ಬೆಟ್ಟ ಒಂದೇ. ಯಾರು ಎಲ್ಲಿ ನಿಂತ್ರು, ಚೌಕಟ್ಟಿನ ಒಳಗೆ ಏನು ತಗೊಂಡ್ರು, ಏನು ಬಿಟ್ರು ಅನ್ನೋದ್ರ ಮೇಲೆ ಅದು ಬೇರೆ ಬೇರೆ ಆಗುತ್ತೆ. ಕಾನ್‌ಸ್ಟೇಬಲ್ ಮತ್ತು ಆ ಅಧಿಕಾರಿಗಳು ಕಲಿತ ಪಾಠ ಹೆಚ್ಚುಕಮ್ಮಿ ಒಂದೇ ಕಾಲದ್ದು. ವ್ಯತ್ಯಾಸ ಏನಂದ್ರೆ, ಇವರು ದಂಡಿನ ಜೊತೆ ಬಂದು ಮುಂದೆ ಹೋದ್ರು, ಅವನು ಅದೇ ಹೊಳೆ ದಂಡೆಗೆ ಮತ್ತೆ ಮತ್ತೆ ಬಂದ.

ಹಾಗೆ ಮತ್ತೆ ಮತ್ತೆ ನೋಡಿದವರು ನಮ್ಮಲ್ಲೂ ಇದ್ದಾರೆ. ಚಿತ್ರಗಾರರ ಮನೆತನದ ಕೆ. ವೆಂಕಟಪ್ಪ ಕಲ್ಕತ್ತಾದಲ್ಲಿ ಅವನೀಂದ್ರನಾಥ ಠಾಕೂರರ ಹತ್ತಿರ ಕಲಿತು ಬಂದು, ಊಟಿ, ಕೊಡೈಕೆನಾಲ್ ಬೆಟ್ಟಗಳನ್ನ ಜಲವರ್ಣದಲ್ಲಿ ಬರೆದ್ರು. ಸ್ವಾತಂತ್ರ್ಯ ಹೋರಾಟಗಾರರಾಗಿದ್ದ ರುಮಾಲೆ ಚನ್ನಬಸವಯ್ಯ ಬೆಂಗಳೂರಿನ ಹೂಬಿಟ್ಟ ಮರಗಳನ್ನ ಬರೆದ್ರು. ನಾವು ದಿನಾ ಬಸ್ಸಲ್ಲಿ ಕೂತು ದಾಟಿ ಹೋಗೋಂಥ ಮರಗಳು.

ಹಾಗಾದ್ರೆ ಗ್ರಿಡ್ ಆಫ್ ಮಾಡಬೇಕಾ? ಬೇಡ. ಕಲಿಯೋ ಕಾಲದಲ್ಲಿ ಅದು ಸೈಕಲ್ಲಿಗೆ ಹಾಕಿದ ಪಕ್ಕದ ಚಿಕ್ಕ ಚಕ್ರ. ಈ ಕಥೆಯಿಂದ ಹೊಸಬರು ತಗೊಳ್ಳೋದು ಇಷ್ಟು. ನಿಮಗೆ ಇಷ್ಟವಾದ ಒಂದು ಹಳೇ ಚಿತ್ರ ಆರಿಸಿ, ಅದರ ಕಪ್ಪು-ಬಿಳಿ ಮೊತ್ತಗಳನ್ನ ಮಾತ್ರ ಅಂಗೈಯಗಲದ ಕಾಗದದ ಮೇಲೆ ಬರೀರಿ. ಆಮೇಲೆ ಅದೇ ಚೌಕಟ್ಟು ಹಿಡ್ಕೊಂಡು ನಿಮಗೆ ಚೆನ್ನಾಗಿ ಗೊತ್ತಿರೋ ಜಾಗಕ್ಕೆ ಹೋಗಿ. ಕೆರೆ ಏರಿ ಇರಬಹುದು, ಲೇಔಟಿನ ಖಾಲಿ ಸೈಟ್ ಇರಬಹುದು, ರೈಲ್ವೆ ಗೇಟ್ ಇರಬಹುದು. ಒಂದು ಗಂಟೆ ಕೂತಿರಿ. ಯಾರೋ ಬರ್ತಾರೆ. ಮೇಕೆ ಹೊಡ್ಕೊಂಡು ಹೋಗೋರು, ಗಾಡಿ ನಿಲ್ಲಿಸಿ ಫೋನಲ್ಲಿ ಮಾತಾಡೋರು. ಅವರನ್ನ ಎಲ್ಲಿ ಇಡಬೇಕು ಅಂತ ಒಂಬತ್ತು ಚೌಕ ಹೇಳಬಹುದು. ಅವರು ಇದ್ದಾರೆ ಅಂತ ನೋಡಬೇಕಾದವರು ನೀವು.

ಬರೆದಿದ್ದನ್ನ ಎಸೀಬೇಡಿ. ಹಿಂದೆ ದಿನಾಂಕ, ಹೊತ್ತು ಹಾಕಿಡಿ. ಮುಂದಿನ ವರ್ಷ ಅದೇ ಜಾಗಕ್ಕೆ ಮತ್ತೆ ಹೋಗಬೇಕಲ್ಲ.